ಯುವರಾಜನ ತಾಯಿ

ಪಿಂಗ್‌ಚೆಂಗ್ ಅರಮನೆ

ಅಮ್ಮಾ,

ಗಂಡು ಮಗುವಾಗಲೆಂದು ನೀನು ಹೊತ್ತ ಹರಕೆ ಫಲಿಸಿತು. ಇಲ್ಲಿ ನಾವು ರಾಣಿಯರೆಲ್ಲ ಹೆಣ್ಣಾಗಲೆಂದು ಬೇಡಿಕೊಳ್ಳುತ್ತೇವೆ. ಅದು ನಿನಗೆ ಹೇಗೆ ಗೊತ್ತಾಗಬೇಕು? ಬೆಳಿಗ್ಗೆ ನನ್ನ ಮಗನನ್ನು ಯುವರಾಜನೆಂದು ಸಾರಿದರು. ಯುವರಾಜನ ತಾಯಿ ಬದುಕಿರಬಾರದೆಂಬುದು ಈ ಮನೆತನದ ಕಟ್ಟಳೆ. ತಾಯಿಯ ತವರಿನವರು ನಾಳೆ ರಾಜ್ಯವಾಳಬಾರದಲ್ಲ. ಸಂಜೆಗೆ ವಿಷದ ಬಟ್ಟಲು ಬರುತ್ತದೆ.

"ಮಗು ನಿಮ್ಮನ್ನ ಕೇಳಿದ್ರೆ ಏನ್ ಹೇಳ್ಲಿ ತಾಯಿ?" ಎಂದು ದಾದಿ ಅತ್ತಳು.

"ಬಲಗಿವಿ ಸವರು, ನಿದ್ದೆ ಮಾಡ್ತಾನೆ. ಬೇರೇನೂ ಹೇಳ್ಬೇಡ" ಅಂದೆ.

ಯುವರಾಜನ ಅಜ್ಜಿಯೆಂದು ನೆರೆಯವರು ಹೊಗಳಲು ಬಂದರೆ ಅಳಬೇಡ. ನವಣೆಯ ಹೆಂಡ ಕೊಟ್ಟು ಕಳಿಸು. ಅರಮನೆಯವರು ಹೆಣ್ಣು ನೋಡಲು ಬರುವ ಮುಂಚೆ ತಂಗಿ ಶುಲಾನ್‌ಗೆ ಅವಳು ಮೆಚ್ಚಿದ ಆ ಕುದುರೆ ಕಾಯುವವನೊಂದಿಗೇ ಮದುವೆ ಮಾಡಿಬಿಡು.

ಆಮೇಲೆ ಅವಳಿಗೆ ಗಂಡು ಮಗುವಾಗಲೆಂದು ಧಾರಾಳವಾಗಿ ಹರಕೆ ಹೊರು.

ನಿನ್ನ ಮಗಳು,
ಸುಯಿ