ಲೈನ್ ಬಸ್ಸು ಮದುವೆಗೆ ಹೋದ ದಿನ

ಬಸ್ಸಿಗೆ ಪರ್ಮಿಟ್ ಕೊಡುವ ಮಾನ್ಯ ಅಧಿಕಾರಿಗಳೇ,

ಕಾರಿಲ್ಲದೆ ಬದುಕಬಹುದೇ ಎಂದು ಕೇಳಲು ಇದನ್ನು ಬರೆಯುತ್ತಿಲ್ಲ; ಉತ್ತರ ನೀವೇ ಕೊಟ್ಟಿದ್ದೀರಿ. "ಈಗ ಯಾರ ಮನೆಯಲ್ಲಿ ಕಾರಿಲ್ಲಮ್ಮ? ಹಳೆಯದ್ದಾದರೂ ಒಂದು ತೆಗೊಳ್ಳಿ" ಎಂದಿರಿ, ನನ್ನ ದೂರನ್ನು ಪೂರ್ತಿ ಕೇಳುವ ಮೊದಲೇ. ಹೇಸಿಗೆಯಾಯಿತು. ಆ ದೂರನ್ನು ಈಗ ಪತ್ರಿಕೆಯಲ್ಲಿ ಊರೇ ಕೇಳಲಿ.

ಶಿರ್ತಾಡಿಯಿಂದ ಮೂಡುಬಿದಿರೆಗೆ ಹೋಗುವ ನಮ್ಮ ಬೆಳಗ್ಗಿನ ಬಸ್ಸು ಮುಹೂರ್ತವಿದ್ದ ದಿನ ತನ್ನ ನಿತ್ಯದ ಲೈನ್ ಬಿಟ್ಟು ಮದುವೆ ಟ್ರಿಪ್ಪಿಗೆ ಹೋಗುತ್ತದೆ. ಇದು ನಿಮಗೆ ಗೊತ್ತಿಲ್ಲವೇ, ಅಥವಾ ಮದುವೆಯ ಊಟ ಉಂಡವರು ಮಾತಾಡಬಾರದೆಂಬ ನಿಯಮವಿದೆಯೇ? ನನ್ನ ಅತ್ತೆ ಸ್ವರ್ಣಲತಾ ಅವರಿಗೆ ಕಣ್ಣಿನ ಒತ್ತಡ ಏರಿತ್ತು. ಮೂಡುಬಿದಿರೆಯ ಆಸ್ಪತ್ರೆಗೆ ತಿಂಗಳಿಗೊಮ್ಮೆ ಬರುವ ದೊಡ್ಡ ಡಾಕ್ಟರರು ಅಂಥದ್ದೇ ಒಂದು ದಿನ ಲೇಸರ್ ಮಾಡುವವರಿದ್ದರು. ತಡವಾದರೆ ಹೋದ ದೃಷ್ಟಿ ಮರಳದು ಎಂದು ಮೊದಲೇ ಎಚ್ಚರಿಸಿದ್ದರು. ದೊಡ್ಡ ಡಾಕ್ಟರರ ಎದುರು ಹಳೆ ಸೀರೆಯಲ್ಲಿ ನಿಲ್ಲಬಾರದೆಂಬುದು ಅತ್ತೆಯ ಪದ್ಧತಿ. ರೇಷ್ಮೆ ಉಟ್ಟು ಮಲ್ಲಿಗೆ ಮುಡಿದರು. ಬಸ್ಸು ಬಂತು, ಬೋರ್ಡು ಮೂಡುಬಿದಿರೆಯದ್ದೇ. ಕಂಡಕ್ಟರ್ ಭೋಜ ಅತ್ತೆಯನ್ನು ಕೈಹಿಡಿದು ಹತ್ತಿಸಿ ಸೀಟು ಕೊಡಿಸಿದ, ಟಿಕೆಟ್ ಮಾತ್ರ ಕೇಳಲಿಲ್ಲ. ಒಳಗೆಲ್ಲ ಜರಿಸೀರೆ. ಎಲ್ಲೋ ಮದುವೆ ಇರಬೇಕು ಎಂದುಕೊಂಡೆವೇ ಹೊರತು ಬಸ್ಸೇ ಮದುವೆಯದ್ದೆಂದು ಹೊಳೆಯಲಿಲ್ಲ. ಪೇಟೆ ಮುಟ್ಟುವ ಮೊದಲೇ ಅದು ಒಳದಾರಿಗೆ ತಿರುಗಿ ಮದುವೆ ಹಾಲ್ ಎದುರು ನಿಂತಿತು.

"ಭೋಜಣ್ಣ, ನಾವು ಆಸ್ಪತ್ರೆಗೆ ಹೋಗುವವರು" ಎಂದೆ.

"ಅಯ್ಯೋ ಅಕ್ಕ, ನೀವು ಮದುಮಗಳ ಕಡೆಯವರು ಅಂತ ಗ್ರಹಿಸಿದೆ ಮಾರಾಯ್ರೆ. ಊಟ ಆಗದೆ ಬಸ್ಸು ಇನ್ನು ಹೊರಡುವುದಿಲ್ಲ."

ಯಾರೋ ಶರಬತ್ತು ಕೊಟ್ಟರು, ಪನ್ನೀರು ಚಿಮುಕಿಸಿದರು. ಅಂಗಳದ ತುಂಬ ಕಾರುಗಳು, ನಮ್ಮದೆನ್ನಲು ಒಂದೂ ಇಲ್ಲ. ರಿಕ್ಷಾಗಳೂ ಮದುವೆ ಬಾಡಿಗೆಯಲ್ಲಿದ್ದವು. ಅಂತೂ ಒಂದು ಸಿಕ್ಕಿ ಆಸ್ಪತ್ರೆ ಮುಟ್ಟುವಾಗ ಡಾಕ್ಟರರು ಹೊರಟು ಹೋಗಿದ್ದರು. ಮಂಗಳೂರಿಗೇ ಹೋಗುವ ಎಂದರೆ ಅತ್ತೆ ಒಪ್ಪಲಿಲ್ಲ. "ಕಣ್ಣು ಕಾಣದೆ ಎರಡೆರಡು ಬಸ್ಸು ಹತ್ತಿ ಇಳಿಯುವುದು ಬೇಡ. ಮುಂದಿನ ತಿಂಗಳು ಬರ್ತಾರಲ್ಲ" ಎಂದರು. ಮುಂದಿನ ತಿಂಗಳು ಬಂದ ಡಾಕ್ಟರರು, ಎಡಗಣ್ಣಿನ ಆಸೆ ಬಿಡಿ ಎಂದರು.

ಭೋಜನ ಮೇಲೆ ನನಗೆ ಸಿಟ್ಟಿಲ್ಲ, ಅವನು ಸೀರೆ ನೋಡಿ ಮೋಸ ಹೋದ. ನೀವು ಏನು ನೋಡಿ ಸುಮ್ಮನಿದ್ದೀರಿ? ಒಂದು ಬಸ್ಸನ್ನು ಅದರ ದಾರಿಯಲ್ಲಿ ಓಡಿಸಲಾಗದವರು ಊರಿಗೆಲ್ಲ ಕಾರು ಕೊಳ್ಳಲು ಹೇಳುತ್ತೀರಿ. ಬೇಲಿಯೇ ಎದ್ದು ಹೊಲ ಮೇದರೆ ಯಾರಿಗೆ ಹೇಳುವುದು?

ಲೈನ್ ಬಿಟ್ಟ ಬಸ್ಸಿನ ಪರ್ಮಿಟ್ ರದ್ದು ಮಾಡಿ, ಇಲ್ಲವೇ ಬದಲಿ ಬಸ್ಸು ಬಿಡಿಸಿ. ಬರುವ ಬುಧವಾರ ಅತ್ತೆಯ ಬಲಗಣ್ಣಿಗೆ ಲೇಸರ್ ಉಂಟು. ಅಂದು ಮುಹೂರ್ತವೂ ಉಂಟು.

ಇಂತಿ,
ಬೇರೆ ಗತಿಯಿಲ್ಲದೆ ನಿಮ್ಮನ್ನೇ ನಂಬಿದ
ಶಶಿಪ್ರಭಾ, ಶಿರ್ತಾಡಿ