ಆನೆಯ ಪಾಲಿಗೆ ಹೋದ ಹಲಸು

ಅಂತರಸಂತೆ

ಕೆ.ಆರ್. ನಗರದ ಅಕ್ಕನಿಗೆ, ಕಾಡಂಚಿನ ಶಾಲೆಗೆ ಭೂಗೋಳ ಕಲಿಸಲು ಬಂದಿರುವ ತಮ್ಮನ ನಮಸ್ಕಾರ.

ಅಕ್ಕಾ, ನನಗೀಗ ಒಂದು ಆನೆಯ ಮೇಲೆ ಹೊಟ್ಟೆಕಿಚ್ಚು. ಇಲ್ಲಿ ಹಲಸು ಹಣ್ಣಾಗಲು ಬಿಡುವುದಿಲ್ಲ. ವಾಸನೆ ಹಿಡಿದು ಆನೆ ಬರುತ್ತದೆಂದು ಕಾಯಿ ಇರುವಾಗಲೇ ಕೊಯ್ದು ಪಲ್ಯ ಮಾಡುತ್ತಾರೆ. ನಾನಿರುವ ಮನೆಯ ಯಜಮಾನಿ ನೀಲಾಂಬಿಕೆಯವರ ಹಿತ್ತಲಲ್ಲಿ ಕೈಗೆಟುಕದ ಒಂದೇ ಒಂದು ಕಾಯಿ ಉಳಿದಿತ್ತು. ಅದು ಹಣ್ಣಾಗಲೆಂದು ತಪಸ್ಸಿನಂತೆ ಕಾದೆ. ನಿನ್ನೆ ನಸುಕಿನಲ್ಲಿ ಆನೆ ಬಂದು, ಮರ ಅಲ್ಲಾಡಿಸಿ ಅದನ್ನು ಬೀಳಿಸಿ, ಸಿಪ್ಪೆ ಸಮೇತ ತಿಂದು ಹೋಯಿತು.

ನನ್ನ ಮುಖ ನೋಡಿ ನೀಲಾಂಬಿಕೆಯವರು, “ಓಗ್ಲಿ ಬುಡಿ ಮೇಷ್ಟ್ರೇ, ಆ ಆನೆ ನಮ್ಮೂರಿಂದು ಕಣ್ರೀ. ನೀವು ಮೊನ್ನೆ ಬಂದೋರು” ಎಂದರು!

ತರಗತಿಯಲ್ಲಿ ‘ಈ ಪ್ರದೇಶದ ನಿವಾಸಿಗಳು ಯಾರು?’ ಎಂದು ಕೇಳಿದರೆ ಮಕ್ಕಳೂ ಮೊದಲು ಆನೆ ಎಂದರು. ಪಟ್ಟಿಯಲ್ಲಿ ಜಿಂಕೆ ಬಂತು, ಹಂದಿ ಬಂತು, ಮೇಷ್ಟ್ರು ಕೊನೆಗೂ ಬರಲಿಲ್ಲ.

ಆರೋಗ್ಯ ಚೆನ್ನಾಗಿದೆ. ಅಯ್ಯೋ ಪಾಪ ಎಂದು ಅಲ್ಲಿಯ ನಮ್ಮ ಹಿತ್ತಲ ಹಲಸಿನ ಹಣ್ಣನ್ನು ಬಸ್ಸಿನಲ್ಲಿ ಕಳಿಸಬೇಡ. ಅದರ ವಾಸನೆಗೆ ಆನೆ ನನ್ನ ಕೋಣೆಗೇ ಬಂದರೆ, ಇವರು ಕೋಣೆ ಖಾಲಿ ಮಾಡಿಸುವುದು ಆನೆಯಿಂದಲ್ಲ, ನನ್ನಿಂದಲೇ.

ಅವಸರದಲ್ಲಿ,
ನಿನ್ನ ತಮ್ಮ ವಿರೂಪಾಕ್ಷ