ತಿರುಗಿಸಿದ ಹೊಳೆ

ಲಾನ್‌ಶಿ ಪಟ್ಟಣ
ಜೂನ್ ೯, ಭಾನುವಾರ

ಪ್ರೀತಿಯ ಅಣ್ಣನಿಗೆ,

ಆರೋಗ್ಯ ಹೇಗಿದೆ? ಸೊಂಟದ ನೋವು ಇಳಿಯಿತೇ? ನಿನ್ನ ಮುದ್ರಣದ ಅಂಗಡಿಯ ಶಾಯಿ ವಾಸನೆಗೆ ಅತ್ತಿಗೆಗೆ ಈಗಲೂ ತಲೆ ಸಿಡಿಯುತ್ತದೆಯೇ? ನಾನು ಚೆನ್ನಾಗಿದ್ದೇನೆ. ಅಮ್ಮ ಊಟ ಮಾಡುತ್ತಾಳೆ, ನಿದ್ದೆ ಮಾಡುತ್ತಾಳೆ. ಮಾತು ಮಾತ್ರ ಕಡಿಮೆಯಾಗಿದೆ.

ಅವಳ ಎಂಬತ್ತನೆಯ ಹುಟ್ಟುಹಬ್ಬಕ್ಕೆ ನೀನು ತಂದ ಚಿತ್ರ ಗೋಡೆ ತುಂಬ ಇದೆ. ಅಣೆಕಟ್ಟು ಬರುವ ಮುಂಚೆ ಅಪ್ಪ ಸೇತುವೆಯ ಮೇಲೆ ನಿಂತು ತೆಗೆದ ಫೋಟೋವನ್ನೇ ದೊಡ್ಡದಾಗಿ ಮುದ್ರಿಸಿದ್ದು. ಊರು ಮುಳುಗಿ ಮೂವತ್ತೊಂದು ವರ್ಷವಾಯಿತು. ಆ ಹೊಳೆ, ಬಿದಿರ ಮೆಳೆ, ಮಂಜಿನೊಳಗೆ ನಮ್ಮ ಮನೆಯ ಸೂರು ನಿನ್ನ ಕ್ಯಾನ್ವಾಸಿನ ಮೇಲೆ ಆಳೆತ್ತರಕ್ಕೆ ಎದ್ದು ನಿಂತಿದ್ದವು. ಅಮ್ಮ ಎದ್ದು ಹೋಗಿ ಸೂರನ್ನು ಬೆರಳಿನಿಂದ ಮುಟ್ಟಿ, "ಇದ್ಯಾಕೋ ಬಲಗಡೆ ಇದೆ? ಸೇತುವೆ ಮೇಲೆ ನಿಂತ್ರೆ ನಮ್ಮನೆ ಎಡಕ್ಕಲ್ವಾ?" ಎಂದಳು. ನೀನು ನಕ್ಕೆ. "ಫೋಟೋ ಸುಳ್ಳು ಹೇಳುತ್ತೇನಮ್ಮಾ? ನಿನಗೆ ಮರೆವು ಬಂದಿದೆ ಬಿಡು." ಪಕ್ಕದ ಮನೆಯ ಛ್ಯು ಅತ್ತೆ ಹುಟ್ಟುಹಬ್ಬದ ಶಾವಿಗೆ ಹೀರುತ್ತಲೇ, "ಬಾಳಿದ ಮನೆ ಯಾವ ಕಡೆ ಅಂತ ಚಿತ್ರ ನೋಡಿ ಕಲೀಬೇಕಾಯ್ತಲ್ಲಕ್ಕಾ!" ಎಂದು ಎಲ್ಲರನ್ನೂ ನಗಿಸಿದಳು. ನಾನೂ ನಕ್ಕೆ, ಅಣ್ಣ. ಅದನ್ನು ಬರೆಯದೆ ಮುಂದೆ ಹೋಗಲಾರೆ.

ಆಮೇಲೆ ಅಮ್ಮ ದಿನವಿಡೀ ಚಿತ್ರದ ಮುಂದೆ ಕೂತು, ಕೊಡ ಹೊತ್ತು ನಡೆದ ದಾರಿಯನ್ನು ಗಾಳಿಯಲ್ಲಿ ಬೆರಳಾಡಿಸಿ ಹುಡುಕತೊಡಗಿದಳು. ಪ್ರತಿಸಲವೂ ಕೈ ತಪ್ಪು ದಡಕ್ಕೇ ಹೋಗುತ್ತಿತ್ತು. ಮೂರನೆಯ ದಿನ ನೀನು ಮತ್ತೆ ವೃದ್ಧಾಶ್ರಮದ ಮಾತೆತ್ತಿದೆ. ಈ ಮನೆಯನ್ನು ನಿನ್ನ ಹೆಸರಿಗೆ ಮಾಡುವ ಕಾಗದವೂ ಜೊತೆಗಿತ್ತು. ಎರಡು ವರ್ಷದಿಂದ ಒಪ್ಪದಿದ್ದವಳು, "ಹಳೇ ಮನೆ ಎಲ್ಲಿತ್ತು ಅಂತಾನೇ ಗೊತ್ತಿಲ್ಲದವಳಿಗೆ ಇದ್ಯಾಕೆ" ಎಂದು ಹೆಬ್ಬೆಟ್ಟು ಒತ್ತಿಬಿಟ್ಟಳು.

ಕಳೆದ ವಾರ ಚೌಕಟ್ಟಿನ ಮೂಲೆ ಸಡಿಲವಾಯಿತೆಂದು ಅಂಗಡಿಗೆ ಫೋನ್ ಮಾಡಿದೆ. ನೀನಿರಲಿಲ್ಲ, ಚಿತ್ರ ಮುದ್ರಿಸುವ ಪಾನ್ ಸಿಕ್ಕ. ಮನೆ ಬಲಗಡೆ ಇರುವುದನ್ನು ಹೇಳಿದ್ದಕ್ಕೆ, "ಅಯ್ಯೋ ಅಕ್ಕಾ, ಗೋಡೆ ಚಿತ್ರದಲ್ಲಿ ನೀರು ಬಾಗಿಲ ಕಡೆ ಹರಿದ್ರೆ ಮನೆ ಸಂಪತ್ತು ಹೊರಗೆ ಹೋಗುತ್ತೆ ಅಂತ ಗಿರಾಕಿಗಳು ಮುಟ್ಟೋದೇ ಇಲ್ಲ. ಎಡಬಲ ತಿರುಗಿಸಿಯೇ ಹಾಕ್ತೀವಿ. ನಿಮ್ಮನೇದನ್ನ ಯಜಮಾನ್ರೇ ಕೂತು ತಿರುಗಿಸಿದ್ರು" ಎಂದ.

ತಿರುಗಿಸಿದ್ದಕ್ಕೆ ನಿನ್ನನ್ನು ದೂರುವುದಿಲ್ಲ. ಎಲ್ಲರೂ ಹಾಗೇ ಮಾಡುತ್ತಾರೆ. ಅಮ್ಮನಿಗೆ ಒಳ್ಳೆಯದಾಗಲೆಂದೇ ಮಾಡಿರುತ್ತೀಯ. ಆದರೆ ಅವಳು ಕೇಳಿದ ಆ ಗಳಿಗೆಯಲ್ಲಿ ನಿನಗೆ ಗೊತ್ತಿತ್ತು. ಹಳೆಯ ಕವಿತೆಗಳ ಪಾಠ ಹೇಳಿ ಬದುಕುವ ನಾನು ಹಾಳೂರುಗಳ ಮೇಲಿನ ಪದ್ಯಗಳನ್ನು ಎಷ್ಟೋ ಓದಿದ್ದೇನೆ. ಮುಳುಗಿದ ಊರನ್ನು ಅದರಲ್ಲಿ ಬಾಳಿದವಳ ತಲೆಯೊಳಗಿಂದಲೂ ಕಿತ್ತುಕೊಳ್ಳಬಹುದೆಂದು ಒಬ್ಬರೂ ಬರೆದಿರಲಿಲ್ಲ. ಅವಳಿಗೆ ಇದನ್ನು ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಅತ್ತಿಗೆಗೆ ನನ್ನ ನೆನಪು ತಿಳಿಸು. ಮಳೆಯಲ್ಲಿ ನೆನೆಯಬೇಡ.

ನಿನ್ನ ತಂಗಿ,
ಸುಯುನ್

ತಾ.ಕ.: ಲಕೋಟೆ ಅಂಟಿಸುವ ಮೊದಲು ತಡೆಯಲಾರದೆ ಅಪ್ಪನ ಅಂಗೈಯಗಲದ ಮೂಲ ಫೋಟೋ ಹುಡುಕಿ ಅಮ್ಮನ ಕೈಗೆ ಕೊಟ್ಟು ಎಲ್ಲ ಹೇಳಿಬಿಟ್ಟೆ. ಅವಳ ಬೆರಳು ನೇರವಾಗಿ ಎಡದಡದ ಸೂರಿಗೆ ಹೋಯಿತು. ಮನೆಯ ಕಾಗದ ರದ್ದು ಮಾಡಿಸಲು ಶುಕ್ರವಾರ ಕಚೇರಿಗೆ ಹೋಗುತ್ತೇವೆ, ನೀನೂ ಬಾ. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ: "ನಿಜವಾಗ್ಲೂ ಮರೆವು ಬಂದಿದ್ರೆ ಚೆನ್ನಾಗಿತ್ತು ಅಂತ ಬರಿ. ಮಗನ ಬಗ್ಗೆ ಇದೊಂದು ಗೊತ್ತಾಗ್ತಿರ್ಲಿಲ್ಲ."